ಮನೆ ಹಾಲಿಗೆ ಮೇಕೆ ತರಬೇಕು, ಏನು ನೋಡಿ ತರಲಿ?

ಎಳೆಬಿಸಿಲು:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾವು ನಾಲ್ಕು ಜನ, ದಿನಕ್ಕೆ ಒಂದೂವರೆ ಲೀಟರ್ ಹಾಲಿದ್ದರೆ ಸಾಕು. ಹಸು ಕಟ್ಟುವಷ್ಟು ಜಾಗ ಇಲ್ಲ, ಕಟ್ಟಿದರೂ ಅಷ್ಟು ಹಾಲು ಇಟ್ಟುಕೊಂಡು ಏನು ಮಾಡೋದು? ಅದಕ್ಕೆ ಮೇಕೆ ಸಾಕೋಣ ಅಂತ ಮಾತಾಗಿದೆ. ಚಿಕ್ಕಂದಿನಲ್ಲಿ ಮೇಕೆ ಮರಿ ಎತ್ತಿಕೊಂಡು ಓಡಾಡಿದ್ದು ಬಿಟ್ಟರೆ ನನಗೆ ಬೇರೆ ಅನುಭವ ಇಲ್ಲ, ಹಾಲಂತೂ ಕರೆದೇ ಇಲ್ಲ.

ಮೊನ್ನೆ ಒಂದು ಮೇಕೆ ನೋಡಿ ಬಂದೆ. ಬಿಳಿ ಬಣ್ಣ, ಕೊಂಬಿಲ್ಲ, ಕೆಚ್ಚಲು ನೆಲ ಮುಟ್ಟುತ್ತೇನೋ ಅನ್ನುವ ಹಾಗೆ ಜೋತಾಡುತ್ತಿತ್ತು. ಮೂರು ಲೀಟರ್ ಕೊಡುತ್ತೆ ಅಂದರು. ಕೊರಳಲ್ಲಿ ಎರಡು ಮೊಲೆ ನೇತಾಡುತ್ತಿದ್ದವು, ಅವಿದ್ದರೆ ಹಾಲು ಜಾಸ್ತಿ ಅಂತಲೂ ಹೇಳಿದರು. ನನಗೇನೋ ಇಷ್ಟವಾಯಿತು, ಆದರೆ ಮನೆಯವರು "ಸ್ವಲ್ಪ ತಡಿ, ತಿಳಿದವರನ್ನು ಕೇಳು" ಅಂದರು. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ತಳಿ ಯಾವುದು ಒಳ್ಳೆಯದು, ಎಷ್ಟು ವಯಸ್ಸಿನದು ತರಬೇಕು, ರೋಗ ಇದೆಯೋ ಇಲ್ಲವೋ ನನ್ನಂಥವಳಿಗೆ ಹೇಗೆ ಗೊತ್ತಾಗುತ್ತೆ, ಒಂದೇ ಒಂದು ತಂದರೆ ಆಗುತ್ತಾ? ಇನ್ನೊಂದು, ಮೇಕೆ ಹಾಲು ವಾಸನೆ ಅಂತ ನಮ್ಮ ಮಕ್ಕಳು ಈಗಲೇ ಮೂಗು ಮುರಿಯುತ್ತಿದ್ದಾರೆ. ಅದಕ್ಕೇನಾದರೂ ದಾರಿ ಇದೆಯಾ? ಸುಮ್ನೆ ಗೂಗಲ್ ಮಾಡಿ ಅಂತ ಹೇಳಬೇಡಿ, ಮಾಡಿ ತಲೆ ಕೆಟ್ಟ ಮೇಲೇ ಇಲ್ಲಿಗೆ ಬಂದದ್ದು.

ಕೊಟ್ಟಿಗೆಯವಳು:

ಆ ಬಿಳಿ ಮೇಕೆಗೆ ಇನ್ನೂ ಮುಂಗಡ ಕೊಟ್ಟಿಲ್ಲ ತಾನೆ? ಕೊಟ್ಟಿಲ್ಲದಿದ್ದರೆ ಒಳ್ಳೆಯದಾಯಿತು.

ಜೋತಾಡುವ ಕೆಚ್ಚಲು ಕಣ್ಣಿಗೆ ತುಂಬಾ ಚೆನ್ನಾಗಿ ಕಾಣುತ್ತೆ, ನಾನೂ ಮೊದಲ ಸಲ ಅದಕ್ಕೇ ಮರುಳಾಗಿದ್ದು. ಸಂಜೆ ಹೊತ್ತು ಹೋಗಿ ನೋಡಿದ್ದೆ. ಕೆಚ್ಚಲು ಬಿಗಿದು ಮಿಂಚುತ್ತಿತ್ತು, ಎರಡು ತೊಟ್ಟೂ ಒಂದು ಆಚೆಗೆ ಒಂದು ಈಚೆಗೆ ತಿರುಗಿ ನಿಂತಿದ್ದವು. ಹೀಗೆ ತೊಟ್ಟು ಹೊರಕ್ಕೆ ತಿರುಗಿದ್ದರೆ ಹೊತ್ತಿಗೆ ಸರಿಯಾಗಿ ಕರೆದಿಲ್ಲ, ಹಾಲು ಕಟ್ಟಿ ನಿಲ್ಲಿಸಿದ್ದಾರೆ ಅಂತ ಅನುಮಾನ ಪಡಬೇಕು ಅನ್ನೋದು ಆಗ ಗೊತ್ತಿರಲಿಲ್ಲ. ಮನೆಗೆ ತಂದು ಕರೆದೆ, ಪಾತ್ರೆ ತುಂಬಿತು. ಮಾರನೇ ದಿನ ಅರ್ಧ. ಅದರ ಮಾರನೇ ದಿನ ಎಡಗಡೆ ಕೆಚ್ಚಲು ಒತ್ತಿದರೆ ಒಳಗೆ ಹಸಿ ಆಲೂಗಡ್ಡೆ ಇಟ್ಟ ಹಾಗೆ ಗಟ್ಟಿ. ಹಳೆಯ ಕೆಚ್ಚಲು ಬಾವು, ಆ ಭಾಗ ಒಳಗೇ ಸತ್ತುಹೋಗಿತ್ತು. ಆಮೇಲೆ ಒಂದೇ ತೊಟ್ಟಿನ ಮೇಕೆಯನ್ನು ವರ್ಷಗಟ್ಟಲೆ ಸಾಕಿದೆ, ಏನು ಮಾಡೋದು.

ಅದಕ್ಕೇ ಹೇಳೋದು, ಮೇಕೆಯನ್ನು ನೋಡಿ ತರಬೇಡಿ, ಕರೆದು ತನ್ನಿ. ಸಂಜೆ ಹೋಗಿ ನಿಮ್ಮ ಕಣ್ಣೆದುರೇ ಪೂರ್ತಿ ಕರೆಸಿ. ಅದಾಗಿ ಹನ್ನೆರಡು ಗಂಟೆ ಬಿಟ್ಟು ಬೆಳಿಗ್ಗೆ ಮತ್ತೆ ಹೋಗಿ ಕರೆಸಿ, ಅಳೆಯಿರಿ. ಬೆಳಿಗ್ಗೆ ಬಂದದ್ದು ಅದರ ನಿಜವಾದ ಹಾಲು, ಅದರ ಎರಡರಷ್ಟು ದಿನದ ಲೆಕ್ಕ. ಮಾರುವವರು ಇದಕ್ಕೆ ಒಪ್ಪದಿದ್ದರೆ ಅಲ್ಲಿಗೆ ಮಾತು ಮುಗಿಸಿ. ಈದು ಎಷ್ಟು ದಿನ ಆಯಿತು ಅಂತಲೂ ಕೇಳಿ. ಈದ ನಾಲ್ಕರಿಂದ ಎಂಟು ವಾರದೊಳಗೆ ಹಾಲು ಏರಿ ನಿಲ್ಲುತ್ತೆ, ಆಮೇಲೆ ನಿಧಾನವಾಗಿ ಇಳಿಯುತ್ತೆ. ಎರಡನೇ ತಿಂಗಳಲ್ಲಿ ಎರಡು ಲೀಟರ್ ಕೊಡುವ ಮೇಕೆಗಿಂತ ಏಳನೇ ತಿಂಗಳಲ್ಲೂ ಒಂದೂವರೆ ಲೀಟರ್ ಕೊಡುವುದು ನಿಮ್ಮ ಮನೆಗೆ ಎಷ್ಟೋ ವಾಸಿ.

ಕರೆದು ಮುಗಿದ ಮೇಲೆ ಕೆಚ್ಚಲು ಮುಟ್ಟಿ ನೋಡಿ. ಹಿಂಡಿದ ಬಟ್ಟೆ ಹಾಗೆ ಮೆತ್ತಗೆ ಸುಕ್ಕಾಗಿರಬೇಕು. ಕರೆದ ಮೇಲೂ ದಪ್ಪಗೇ ಉಳಿದರೆ ಅದು ಬರೀ ಮಾಂಸ, ಇಲ್ಲವೇ ಬಾವು. ಎರಡು ಕಡೆಯೂ ಸಮ ಇರಬೇಕು, ಒಳಗೆ ಗಂಟು ಸಿಗಬಾರದು, ಒಂದು ಕಡೆ ಬಿಸಿ ಒಂದು ಕಡೆ ತಣ್ಣಗೆ ಅನ್ನಿಸಬಾರದು. ತೊಟ್ಟು ನಿಮ್ಮ ಕೈಗೆ ಹಿಡಿಯೋ ಅಳತೆಯದ್ದಿರಲಿ, ದಿನಾ ಎರಡು ಹೊತ್ತು ಕರೆಯುವವರು ನೀವೇ ಅಲ್ವಾ. ಕೆಚ್ಚಲು ಮಂಡಿಗಿಂತ ಕೆಳಗೆ ಜೋತರೆ ನಡೆಯುವಾಗ ಕಾಲಿಗೆ ತಾಗುತ್ತೆ, ಮಲಗಿದಾಗ ಗಲೀಜಾಗುತ್ತೆ, ಮುಳ್ಳು ಗೀರುತ್ತೆ. ಮೇಲೆ ಹೊಟ್ಟೆಗೆ ಅಂಟಿಕೊಂಡ ಹಾಗೆ ಗಟ್ಟಿಯಾಗಿ ಹಿಡಿದಿರುವ ಕೆಚ್ಚಲೇ ಹೆಚ್ಚು ವರ್ಷ ಬಾಳೋದು.

ಹೋಗುವಾಗ ಒಂದು ಕಪ್ಪು ಬಟ್ಟೆ ಇಟ್ಟುಕೊಳ್ಳಿ. ಮೊದಲ ನಾಲ್ಕು ಧಾರೆ ಪ್ರತಿ ತೊಟ್ಟಿನಿಂದಲೂ ಅದರ ಮೇಲೆ ಕರೆಯಿರಿ. ಒಡೆದ ಹಾಲಿನಂಥ ಚೂರು, ನೂಲಿನಂಥ ಎಳೆ, ನೀರು ನೀರಾಗಿ ಇರೋದು, ಕೆಂಪು ಬಣ್ಣ, ಇದರಲ್ಲಿ ಏನು ಕಂಡರೂ ಬೇಡ ಅನ್ನಿ. ಬಿಳಿ ಪಾತ್ರೆಯಲ್ಲಿ ಇದು ಕಾಣಲ್ಲ.

ಆಮೇಲೆ ಉಳಿದ ಮೈ. ಕಿವಿ ಕೆಳಗೆ, ದವಡೆ ಕೆಳಗೆ, ಭುಜದ ಮುಂದೆ ಕೈಯಾಡಿಸಿ. ಅಲ್ಲಿ ನಿಂಬೆ ಗಾತ್ರದ ಗಂಟು ಸಿಕ್ಕರೆ ಅಥವಾ ಒಡೆದು ಒಣಗಿದ ಗುರುತಿದ್ದರೆ ಅದು ಕೀವುಗಂಟಿನ ರೋಗ ಇರಬಹುದು. ಒಡೆದ ಕೀವಿನಿಂದ ಬೇರೆ ಮೇಕೆಗಳಿಗೂ ಹರಡುತ್ತೆ, ಒಮ್ಮೆ ಕೊಟ್ಟಿಗೆಗೆ ಬಂದರೆ ಹೋಗಲ್ಲ. ಮುಂಗಾಲಿನ ಮಂಡಿ ಊದಿದ್ದರೆ, ಎದ್ದು ನಿಲ್ಲೋಕೆ ಒದ್ದಾಡಿದರೆ ಅದೂ ಬೇಡ. ಸಿಎಇ ಅನ್ನೋ ವೈರಸ್ ರೋಗ ಹೀಗೆ ಕೀಲು ಹಿಡಿಯುತ್ತೆ, ತಾಯಿಯ ಗಿಣ್ಣು ಹಾಲಿನಿಂದಲೇ ಮರಿಗೆ ಹೋಗುತ್ತೆ, ಔಷಧಿ ಇಲ್ಲ. ಇದಕ್ಕೂ ಬ್ರುಸೆಲ್ಲಾ ರೋಗಕ್ಕೂ ರಕ್ತ ಪರೀಕ್ಷೆ ಇದೆ. ಮನೆಯವರೆಲ್ಲ ಹಾಲು ಕುಡಿಯುವ ಮೇಕೆಗೆ ಬ್ರುಸೆಲ್ಲಾ ಪರೀಕ್ಷೆ ಮಾಡಿಸದೆ ತರಬೇಡಿ, ಅದು ಮನುಷ್ಯರಿಗೂ ಬರುತ್ತೆ. ಹಿಂದೆ ಕಂದು ಹಾಕಿತ್ತಾ, ಅಂದರೆ ಗಬ್ಬ ಇಳಿದಿತ್ತಾ ಅಂತ ನೇರವಾಗಿ ಕೇಳಿ. ಉತ್ತರಕ್ಕಿಂತ ಉತ್ತರ ಹೇಳುವಾಗಿನ ಮುಖ ನೋಡಿ.

ವಯಸ್ಸು ಹಲ್ಲಿನಲ್ಲಿ ಗೊತ್ತಾಗುತ್ತೆ. ಕೆಳದವಡೆಯಲ್ಲಿ ಮುಂದೆ ಎಂಟು ಹಲ್ಲು, ಮೇಲೆ ಮುಂಭಾಗದಲ್ಲಿ ಹಲ್ಲೇ ಇರಲ್ಲ (ಹಲ್ಲು ಉದುರಿದೆ ಅಂತ ಗಾಬರಿಯಾಗಬೇಡಿ, ನಾನಾಗಿದ್ದೆ). ನಡುವಿನ ಎರಡು ದೊಡ್ಡ ಹಲ್ಲು ಬಂದಿದ್ದರೆ ಒಂದು ವರ್ಷ ದಾಟಿದೆ. ನಾಲ್ಕಾದರೆ ಎರಡರ ಆಸುಪಾಸು, ಆರಾದರೆ ಮೂರು, ಎಂಟೂ ಬಂದು ಬಾಯಿ ಕೂಡಿದ್ದರೆ ನಾಲ್ಕು. ಹೊಸಬರಿಗೆ ಎರಡನೇ ಅಥವಾ ಮೂರನೇ ಸೂಲಿನದೇ ಸರಿ. ಕರೆಸಿಕೊಂಡು ಅಭ್ಯಾಸ ಇರುತ್ತೆ. ಮೊದಲ ಸೂಲಿನದಕ್ಕೂ ಗೊತ್ತಿಲ್ಲ ನಿಮಗೂ ಗೊತ್ತಿಲ್ಲ ಅಂದರೆ ಪಾತ್ರೆಗೆ ಬೀಳೋದು ಹಾಲಲ್ಲ, ಕಾಲು.

ತಳಿ ಕೊನೆಗೆ ನೋಡಿ. ಸಾನೆನ್, ಆಲ್ಪೈನ್ ಹಾಲು ಜಾಸ್ತಿ, ಜಿಡ್ಡು ಸ್ವಲ್ಪ ಕಡಿಮೆ. ನ್ಯೂಬಿಯನ್ ಹಾಲು ಅವಕ್ಕಿಂತ ಕಡಿಮೆ, ಆದರೆ ಗಟ್ಟಿ. ಜಮುನಾಪಾರಿ, ಬೀಟಲ್ ಸೆಖೆ ತಡೆಯುತ್ತವೆ. ಸಾನೆನ್ ಬಿಳಿ ಚರ್ಮ, ಸುಡು ಬಿಸಿಲಿಗೆ ಕಷ್ಟಪಡುತ್ತೆ. ನೀವಿರುವ ಕಡೆ ಈಗಾಗಲೇ ಚೆನ್ನಾಗಿ ಬಾಳುತ್ತಿರುವ ಮೇಕೆ ಯಾವುದೋ ಅದರಲ್ಲೇ ಹಾಲಿನ ತಾಯಿಯ ಮಗಳನ್ನು ಹುಡುಕಿ. ಕೊರಳ ಮೊಲೆ ಬರೀ ಚರ್ಮ, ಅದಕ್ಕೂ ಹಾಲಿಗೂ ಸಂಬಂಧ ಇಲ್ಲ. ಕೆಲಸಕ್ಕೆ ಬಾರದ್ದಕ್ಕೆ ಹಿಂದಿನವರು ಆಡಿನ ಕೊರಳ ಮೊಲೆ ಅಂತಲೇ ಅನ್ನುತ್ತಿದ್ದರು. ಕೊಂಬಿಲ್ಲದ ವಿಷಯ: ಹುಟ್ಟಿನಿಂದಲೇ ಕೊಂಬಿಲ್ಲದ್ದಾದರೆ ತೊಂದರೆ ಇಲ್ಲ, ಆದರೆ ಅದನ್ನು ಹುಟ್ಟಾ ಕೊಂಬಿಲ್ಲದ ಹೋತಕ್ಕೆ ಕೊಡಿಸಬೇಡಿ. ಎರಡೂ ಹಾಗಿದ್ದರೆ ಹುಟ್ಟುವ ಹೆಣ್ಣು ಮರಿಗಳಲ್ಲಿ ಕೆಲವು ಅತ್ತ ಹೆಣ್ಣೂ ಅಲ್ಲ ಇತ್ತ ಗಂಡೂ ಅಲ್ಲ ಅನ್ನುವ ಹಾಗೆ ಆಗುತ್ತವೆ, ಗಬ್ಬ ಕಟ್ಟಲ್ಲ. ಕೊಂಬಿರುವ ಹೋತ ನೋಡಿಕೊಳ್ಳಿ.

ಒಂಟಿಕೊಂಬು:

ಮೇಲಿನವರು ಎಲ್ಲಾ ಹೇಳಿ ಒಂದು ಬಿಟ್ಟರು. ಒಂಟಿ ಮೇಕೆ ತರಬೇಡಿ. ದಿನವೆಲ್ಲ ಅರಚುತ್ತೆ, ಬೇಲಿ ಹಾರುತ್ತೆ, ಮೇವು ಬಿಡುತ್ತೆ. ಅದು ಹಿಂಡಿನ ಪ್ರಾಣಿ ಸ್ವಾಮಿ. ನಾನು ಒಂದನ್ನು ತಂದು ಹನ್ನೊಂದು ದಿನ ನಿದ್ದೆಗೆಟ್ಟು ಇನ್ನೊಂದು ತಂದೆ, ಅವತ್ತು ರಾತ್ರಿಯೇ ಸುಮ್ಮನಾಯಿತು.

ಎರಡಿದ್ದರೆ ಹಾಲಿಗೂ ಅನುಕೂಲ. ಗಬ್ಬ ಐದು ತಿಂಗಳು, ಕೊನೆಯ ಎರಡು ತಿಂಗಳು ಹಾಲು ಬತ್ತಿಸಬೇಕು. ಒಂದು ಬತ್ತಿದಾಗ ಇನ್ನೊಂದು ಕರೆಯುವ ಹಾಗೆ ಹಿಂದೆ ಮುಂದೆ ಮಾಡಿ ಹೋತಕ್ಕೆ ಕೊಡಿಸಿ. ಕೆಲವು ತಳಿ ದಿನದ ಬೆಳಕು ಕಡಿಮೆಯಾಗುವ ಕಾಲದಲ್ಲಿ ಮಾತ್ರ ಬೆದೆಗೆ ಬರುತ್ತವೆ, ಅಂಥವಾದರೆ ಈ ಲೆಕ್ಕ ಸ್ವಲ್ಪ ಕಷ್ಟ. ಬೆದೆ ಸುಮಾರು 21 ದಿನಕ್ಕೊಮ್ಮೆ, ಒಂದು ಒಂದೂವರೆ ದಿನ ಇರುತ್ತೆ. ಬಾಲ ಪಟಪಟ ಆಡಿಸುತ್ತೆ, ಸುಮ್ಮಸುಮ್ಮನೆ ಕೂಗುತ್ತೆ. ಹೋತ ಮಾತ್ರ ಮನೆಯಲ್ಲಿ ಇಟ್ಟುಕೊಳ್ಳಬೇಡಿ. ಆ ವಾಸನೆ ನಿಮ್ಮ ಬಟ್ಟೆಗೂ ಬರುತ್ತೆ.

ಎಳೆಬಿಸಿಲು:

ಅಯ್ಯೋ, ಇಷ್ಟೆಲ್ಲ ಇದೆಯಾ! ಕೊಟ್ಟಿಗೆಯವಳು ಅಕ್ಕಾ, ತುಂಬಾ ಥ್ಯಾಂಕ್ಸ್. ಮುಂಗಡ ಕೊಟ್ಟಿಲ್ಲ, ಕೊಡೋಕೆ ಹೊರಟಿದ್ದೆ. ಹಾಲು ಬೇಕೆಂದರೆ ಮರಿ ಹಾಕಿಸಲೇಬೇಕು ಅನ್ನೋದನ್ನೇ ನಾನು ಸರಿಯಾಗಿ ಯೋಚಿಸಿರಲಿಲ್ಲ ಅಂದರೆ ನಗಬೇಡಿ.

ಮೇವಿನ ಬಗ್ಗೆ ಯಾರಾದರೂ ಹೇಳಿ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಹಿತ್ತಲಲ್ಲಿ ಬೆಳೆದದ್ದು, ತರಕಾರಿ ಸಿಪ್ಪೆ ಇದರಲ್ಲೇ ನಡೆದುಹೋಗುತ್ತಾ? ಜಂತುಹುಳುವಿನ ಔಷಧಿ ತಿಂಗಳಿಗೊಮ್ಮೆ ಕುಡಿಸಬೇಕು ಅಂತ ಒಬ್ಬರು ಹೇಳಿದರು. ಹೌದಾ?

ಸೊಪ್ಪುಸದೆ:

ಆ ಗಾದೆ ಹೇಳಿದವರು ಆಡು ಸಾಕಿದ್ದರೋ ಇಲ್ಲವೋ ಅಂತ ನನಗೆ ಅನುಮಾನ. ಎಲ್ಲ ಸೊಪ್ಪನ್ನೂ ಮುಟ್ಟೋದು ನಿಜ, ತಿನ್ನೋದು ಅರ್ಧ. ಮೂತಿ ಹಾಕಿ ತುದಿ ಚಿವುಟಿ ಮುಂದಕ್ಕೆ ಹೋಗುತ್ತೆ. ಒಮ್ಮೆ ತುಳಿದ ಮೇವನ್ನು, ಒಮ್ಮೆ ಮೂಸಿ ಬಿಟ್ಟ ನೀರನ್ನು ಮತ್ತೆ ಮುಟ್ಟಲ್ಲ. ಇಷ್ಟು ನಾಜೂಕಿನ ಪ್ರಾಣಿ ಇನ್ನೊಂದಿಲ್ಲ.

ಮುಟ್ಟಲೇಬಾರದ ಸೊಪ್ಪೂ ಇವೆ. ಕಣಗಿಲೆ ಎಲೆ ನಾಲ್ಕಾರು ತಿಂದರೂ ಸಾಯಬಹುದು, ಬೇಲಿಯಲ್ಲಿದ್ದರೆ ಮೇಕೆ ತರುವ ಮೊದಲೇ ಕಿತ್ತುಹಾಕಿ. ಎಳೆ ಜೋಳದ ಪೈರು, ಅದರಲ್ಲೂ ನೀರಿಲ್ಲದೆ ಬಾಡಿ ಮತ್ತೆ ಚಿಗುರಿದ್ದು, ಮರಗೆಣಸಿನ ಹಸಿ ಸೊಪ್ಪು, ಇವುಗಳಲ್ಲಿ ಸಯನೈಡ್ ವಿಷ ಇರುತ್ತೆ. ಲಂಟಾನ ತಿಂದರೆ ಯಕೃತ್ತು ಕೆಡುತ್ತೆ. ಹಸಿದ ಮೇಕೆಯೇ ವಿಷದ ಗಿಡಕ್ಕೆ ಬಾಯಿ ಹಾಕೋದು ಜಾಸ್ತಿ, ಹಾಗಾಗಿ ಹೊರಗೆ ಬಿಡುವ ಮೊದಲು ಒಂದಿಷ್ಟು ಒಣ ಮೇವು ತಿನ್ನಿಸಿ.

ಹಾಲು ಕರೆಯುವ ಮೇಕೆಗೆ ಸಿಪ್ಪೆ ಸೊಪ್ಪು ಮಾತ್ರ ಸಾಲದು. ದಿನಕ್ಕೆ ಅದರ ಮೈತೂಕದ ನೂರಕ್ಕೆ ಮೂರರಿಂದ ಐದು ಪಾಲು ಮೇವು ಬೇಕು, ನೀರಿನಂಶ ಬಿಟ್ಟು ಲೆಕ್ಕ. ಅಂದರೆ 40 ಕೆಜಿ ಮೇಕೆಗೆ ಒಣಗಿದ ಲೆಕ್ಕದಲ್ಲಿ ಒಂದೂಕಾಲರಿಂದ ಎರಡು ಕೆಜಿ. ಅದರಲ್ಲಿ ಹೆಚ್ಚಿನದು ಮರದ ಸೊಪ್ಪು, ಒಣ ಹುಲ್ಲು, ದ್ವಿದಳದ ಹೊಟ್ಟು ಇರಲಿ. ನಾರು ಕಡಿಮೆಯಾದರೆ ಹಾಲಿನ ಜಿಡ್ಡೂ ಕಡಿಮೆಯಾಗುತ್ತೆ. ಇದರ ಮೇಲೆ ಮೇಕೆ ಕೊಡುವ ಒಂದೊಂದು ಲೀಟರ್ ಹಾಲಿಗೆ 300–400 ಗ್ರಾಂ ಕಾಳು, ಹಿಂಡಿ, ಬೂಸಾ ಸೇರಿಸಿದ್ದು, ಎರಡು ಹೊತ್ತಿಗೆ ಹಂಚಿ. ನೀರು ಯಾವಾಗಲೂ ಎದುರಿಗಿರಬೇಕು, ಹಾಲಿನಲ್ಲಿ ನೂರಕ್ಕೆ 87 ಪಾಲು ನೀರೇ ಅಲ್ವಾ. ಖನಿಜ ಮಿಶ್ರಣ ಕೊಳ್ಳುವಾಗ ಕುರಿಯದ್ದು ತರಬೇಡಿ, ಕುರಿಗೆ ತಾಮ್ರ ಆಗಿಬರಲ್ಲ ಅಂತ ಅದರಲ್ಲಿ ಹಾಕಿರಲ್ಲ, ಮೇಕೆಗೆ ತಾಮ್ರ ಬೇಕು.

ಯಾವ ಮೇವನ್ನಾದರೂ ಬದಲಾಯಿಸುವಾಗ ವಾರ ಹತ್ತು ದಿನ ತಗೊಂಡು ನಿಧಾನವಾಗಿ ಬದಲಾಯಿಸಿ. ಹೊಟ್ಟೆಯೊಳಗೆ ಮೇವು ಕೊಳೆಸುವ ಸೂಕ್ಷ್ಮಜೀವಿಗಳಿಗೆ ಹೊಸ ಮೇವು ಒಗ್ಗೋಕೆ ಅಷ್ಟು ಸಮಯ ಬೇಕು. ನಮ್ಮದೊಂದು ಮೇಕೆ ಕಾಳಿನ ಡಬ್ಬದ ಮುಚ್ಚಳವನ್ನು ಮೂತಿಯಿಂದ ಎತ್ತಿ ರಾತ್ರಿಯೆಲ್ಲ ತಿಂದಿತ್ತು. ಬೆಳಿಗ್ಗೆ ಹೋದಾಗ ಹಲ್ಲು ಕಡಿಯುತ್ತಾ ಗೋಡೆಗೆ ತಲೆ ಒತ್ತಿ ನಿಂತಿತ್ತು, ಹೊಟ್ಟೆ ಅಲ್ಲಾಡಿಸಿದರೆ ನೀರು ತುಂಬಿದ ಕೊಡದ ಹಾಗೆ ಸದ್ದು. ಮಧ್ಯಾಹ್ನದೊಳಗೆ ಹೋಯಿತು. ಡಬ್ಬಕ್ಕೆ ಚಿಲಕ ಹಾಕಿದ್ದು ಆಮೇಲೆ. ನೀವು ಮೊದಲೇ ಹಾಕಿ.

ಈಗ ಹುಳುವಿನ ಔಷಧಿ. ತಿಂಗಳಿಗೊಮ್ಮೆ ಬೇಡವೇ ಬೇಡ. ಹಾಗೆ ಕುಡಿಸಿ ಕುಡಿಸಿಯೇ ಔಷಧಿಗೆ ಜಗ್ಗದ ಹುಳು ಬೆಳೆದಿರೋದು. ಮೇಕೆಗೆ ದೊಡ್ಡ ಶತ್ರು ಹೀಮಾಂಕಸ್ ಅನ್ನೋ ಹುಳು, ಹೊಟ್ಟೆಯ ನಾಲ್ಕು ಕೋಣೆಗಳಲ್ಲಿ ಕೊನೆಯದರಲ್ಲಿ ಕೂತು ರಕ್ತ ಹೀರುತ್ತೆ. ಬಹಳ ಜನ ಬೇಧಿ ಆದರೆ ಮಾತ್ರ ಹುಳು ಅಂದುಕೊಳ್ಳುತ್ತಾರೆ, ಈ ಹುಳು ಒಂದೇ ಇದ್ದರೆ ಸಾಮಾನ್ಯವಾಗಿ ಬೇಧಿಯೇ ಆಗಲ್ಲ. ಹಿಕ್ಕೆ ಗುಂಡಗೆ ಚೆನ್ನಾಗಿಯೇ ಇರುತ್ತೆ, ಮೇಕೆ ಒಳಗೊಳಗೇ ಬಿಳಿಚುತ್ತಿರುತ್ತೆ. ಅದಕ್ಕೆ ಎರಡು ವಾರಕ್ಕೊಮ್ಮೆ ಕಣ್ಣು ನೋಡಿ. ಮೇಲಿನ ರೆಪ್ಪೆಯನ್ನು ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಿ ಹಿಡಿದು ಕೆಳರೆಪ್ಪೆ ಕೆಳಕ್ಕೆ ಎಳೆದರೆ ಒಳಗಿನ ಬಣ್ಣ ಕಾಣುತ್ತೆ. ಕೆಂಪಗೆ, ಕೆಂಪು ಗುಲಾಬಿ ಇದ್ದರೆ ಸರಿ. ಮಾಸಿದ ಗುಲಾಬಿಯಾದರೆ ಎಚ್ಚರ. ಕಾಗದದ ಹಾಗೆ ಬಿಳಿಯಾದರೆ ಅವತ್ತೇ ಔಷಧಿ. ಇದಕ್ಕೆ ಫಮಾಚಾ ಅಂತ ಬಣ್ಣದ ಕಾರ್ಡೇ ಇದೆ, ದಕ್ಷಿಣ ಆಫ್ರಿಕಾದಲ್ಲಿ ಮಾಡಿದ್ದು, 1ರಿಂದ 5ರವರೆಗೆ ಅಂಕ. ಹಗಲು ಬೆಳಕಲ್ಲೇ ನೋಡಬೇಕು. ದವಡೆ ಕೆಳಗೆ ನೀರು ತುಂಬಿದ ಚೀಲದ ಹಾಗೆ ಊದಿದ್ದರೆ ಈಗಾಗಲೇ ತಡವಾಗಿದೆ ಅಂತ ಅರ್ಥ.

ಬಿಳಿಚಿದ್ದಕ್ಕೆ ಮಾತ್ರ ಕುಡಿಸಿ, ಹಿಕ್ಕೆ ಪರೀಕ್ಷೆ ಮಾಡಿಸಿ, ಪ್ರಮಾಣವನ್ನು ತೂಕ ನೋಡಿ ಪಶುವೈದ್ಯರನ್ನೇ ಕೇಳಿ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಅನ್ನೋ ಹುಳುವಿನ ಔಷಧಿ ಕೊಡಬಾರದು. ಯಾವ ಔಷಧಿ ಕೊಟ್ಟರೂ ಎಷ್ಟು ದಿನ ಹಾಲು ಬಳಸಬಾರದು ಅಂತ ಕೇಳೋದು ಮರೆಯಬೇಡಿ. ಔಷಧಿಗಿಂತ ಮುಖ್ಯ ಏನೆಂದರೆ ಮೇವನ್ನು ನೆಲಕ್ಕೆ ಹಾಕಬಾರದು. ಹಿಕ್ಕೆಯಿಂದ ಬಂದ ಮರಿಹುಳು ಹುಲ್ಲಿನ ಬುಡದ ಮೂರು ನಾಲ್ಕು ಬೆರಳು ಎತ್ತರದಲ್ಲೇ ಹೆಚ್ಚಾಗಿರುತ್ತೆ. ಸೊಪ್ಪನ್ನು ಎತ್ತರಕ್ಕೆ ಕಟ್ಟಿ ನೇತುಹಾಕಿ, ಕತ್ತು ಚಾಚಿ ತಿನ್ನೋದೇ ಅದಕ್ಕೂ ಇಷ್ಟ.

ಕೊಟ್ಟಿಗೆಯವಳು:

ಸೊಪ್ಪುಸದೆ ಅಣ್ಣ ಹೇಳಿದ್ದು ಸರಿ, ಒಂದು ಸೇರಿಸುತ್ತೇನೆ. ಹೊಸದಾಗಿ ತಂದದ್ದನ್ನು ಮೂರು ನಾಲ್ಕು ವಾರ ಬೇರೆ ಕಟ್ಟಬೇಕು ಅನ್ನೋದು ಮನೆಯಲ್ಲಿ ಮೊದಲೇ ಮೇಕೆ ಇದ್ದವರಿಗೆ. ನಿಮಗೆ ಆ ತಾಪತ್ರಯ ಇಲ್ಲ, ಎರಡನ್ನೂ ಒಂದೇ ಕಡೆಯಿಂದ ತಂದರೆ. ಲಸಿಕೆಯಲ್ಲಿ ಪಿಪಿಆರ್ (ಆಡಿನ ಪ್ಲೇಗ್) ಮತ್ತು ಕರುಳು ಬೇನೆಯದ್ದು ಹಾಕಿಸಿದ್ದಾರಾ, ಯಾವಾಗ, ಅಂತ ಕೇಳಿ ಬರೆದಿಟ್ಟುಕೊಳ್ಳಿ. ಗೊರಸು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು, ಕಲ್ಲುನೆಲದಲ್ಲಿ ಓಡಾಡುವುದಾದರೆ ತಾನೇ ಸವೆಯುತ್ತೆ.

ಕೊಟ್ಟಿಗೆಗೆ ಗಾಳಿ ಬೇಕು, ಎರಚಲು ಬರಬಾರದು. ಮೇಕೆ ಚಳಿ ತಡೆಯುತ್ತೆ, ಒದ್ದೆ ತಡೆಯಲ್ಲ. ಒಳಗೆ ಹೋಗಿ ಅದರ ಮೂಗಿನ ಎತ್ತರಕ್ಕೆ ಕುಕ್ಕರಗಾಲಲ್ಲಿ ಕೂತು ಉಸಿರು ಎಳೆದು ನೋಡಿ. ಗಂಜಲದ ಘಾಟಿಗೆ ಕಣ್ಣು ಉರಿದರೆ ಅದಕ್ಕೂ ರಾತ್ರಿಯೆಲ್ಲ ಉರಿಯುತ್ತಿರುತ್ತೆ.

ನೊರೆಹಾಲು:

ವಾಸನೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಸರಿಯಾಗಿ ಕರೆದ ಮೇಕೆ ಹಾಲಿಗೆ ವಾಸನೆ ಇರಲ್ಲ. ನಂಬಲ್ಲ ಅಂದರೆ ನಮ್ಮ ಮನೆಗೆ ಬಂದವರಿಗೆ ಹೇಳದೆ ಕೊಟ್ಟು ನೋಡಿದ್ದೇನೆ, ಯಾರಿಗೂ ಗೊತ್ತಾಗಿಲ್ಲ.

ಈ ವಾಸನೆ ಬರೋದು ಹಾಲಿನ ಜಿಡ್ಡಿನಲ್ಲಿರುವ ಕೆಲವು ಆಮ್ಲಗಳಿಂದ. ಕ್ಯಾಪ್ರೋಯಿಕ್, ಕ್ಯಾಪ್ರಿಲಿಕ್, ಕ್ಯಾಪ್ರಿಕ್ ಅಂತ ಹೆಸರು, ಲ್ಯಾಟಿನ್‌ನಲ್ಲಿ ಮೇಕೆಗೆ ಕ್ಯಾಪ್ರಾ ಅನ್ನುತ್ತಾರೆ, ಅಲ್ಲಿಂದಲೇ ಬಂದದ್ದು. ಜಿಡ್ಡಿನ ಕಣ ಒಡೆಯದೆ ಇದ್ದಷ್ಟು ಹೊತ್ತು ಇವು ಒಳಗೇ ಇರುತ್ತವೆ. ಹಾಲನ್ನು ಕುಲುಕಾಡಿಸಿದರೆ, ಬೆಚ್ಚಗೇ ಬಿಟ್ಟರೆ ಕಣ ಒಡೆದು ಹೊರಗೆ ಬರುತ್ತವೆ. ಹಾಗಾಗಿ ಕರೆದ ತಕ್ಷಣ ಸೋಸಿ. ಪಾತ್ರೆಯನ್ನು ತಣ್ಣೀರಲ್ಲಿ, ಐಸ್ ಇದ್ದರೆ ಐಸ್ ನೀರಲ್ಲಿ ಇಟ್ಟು ಬೇಗ ತಣಿಸಿ, ಆಮೇಲೆ ಫ್ರಿಜ್ಜು. ಬೆಚ್ಚಗಿರುವ ಹೊಸ ಹಾಲನ್ನು ತಣ್ಣಗಿರುವ ಹಳೆ ಹಾಲಿಗೆ ಸುರಿಯಬೇಡಿ. ಸ್ಟೀಲ್ ಪಾತ್ರೆಯೇ ಬಳಸಿ, ಪ್ಲಾಸ್ಟಿಕ್ಕಿನ ಗೀರುಗಳಲ್ಲಿ ಹಳೆ ಹಾಲು ಕೂತಿರುತ್ತೆ. ಹೋತ ಹತ್ತಿರ ಇದ್ದರೆ ಹಾಲಿಗೆ ವಾಸನೆ ಅಂಟುತ್ತೆ ಅನ್ನೋದೂ ಸುಳ್ಳಲ್ಲ. ಇಷ್ಟೆಲ್ಲ ಮಾಡಿಯೂ ಒಂದೇ ಮೇಕೆ ಹಾಲು ಕಮಟು ಅನ್ನಿಸಿದರೆ ಬಾವು ಇದೆಯಾ ನೋಡಿಸಿ.

ಕರೆಯೋದು ಎಳೆಯೋದಲ್ಲ. ಹೆಬ್ಬೆರಳು ತೋರುಬೆರಳು ಸೇರಿಸಿ ತೊಟ್ಟಿನ ಬುಡದಲ್ಲಿ ಉಂಗುರದ ಹಾಗೆ ಮುಚ್ಚಿ, ಹಾಲು ಮೇಲಕ್ಕೆ ವಾಪಸ್ ಹೋಗಬಾರದು. ಆಮೇಲೆ ಉಳಿದ ಬೆರಳುಗಳನ್ನು ಒಂದರ ಕೆಳಗೊಂದು ಮಡಚಿ ಒತ್ತಿ. ಬಿಡಿ. ಮತ್ತೆ ತುಂಬಿಕೊಳ್ಳುತ್ತೆ. ಮೊದಲ ವಾರ ಮುಂಗೈ ನೋಯುತ್ತೆ, ಆಮೇಲೆ ಕೈಗೆ ತಾಳ ಸಿಗುತ್ತೆ. ಶುರು ಮಾಡುವ ಮೊದಲು ಕೆಚ್ಚಲು ಒರೆಸಿ ಒಣಗಿಸಿ, ಒದ್ದೆ ಕೈಯಲ್ಲಿ ಕರೆದರೆ ಕೊಳೆ ನೀರು ಪಾತ್ರೆಗೇ. ಒರೆಸುವಾಗಲೇ ಸೊರ ಬಿಡುತ್ತೆ, ಅಂದರೆ ಹಾಲು ತೊಟ್ಟಿಗೆ ಇಳಿಯುತ್ತೆ, ಬಿಟ್ಟ ಮೇಲೆ ತಡ ಮಾಡಬೇಡಿ. ಮುಗಿದ ಮೇಲೆ ತೊಟ್ಟನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಅರ್ಧ ಗಂಟೆ ಮಲಗದ ಹಾಗೆ ಮುಂದೆ ಮೇವು ಹಾಕಿ. ತೊಟ್ಟಿನ ತೂತು ಮುಚ್ಚೋಕೆ ಅಷ್ಟು ಹೊತ್ತು ಬೇಕು. ಕೆಚ್ಚಲು ಬಾವು ಒಳಗೆ ಹೋಗೋದು ಅದೇ ದಾರಿಯಿಂದ.

ಇನ್ನು ಹಸಿ ಹಾಲು. ನಮ್ಮ ತಾತ ನೊರೆ ಹಾಲನ್ನೇ ಕುಡಿಯುತ್ತಿದ್ದರು ಅಂತ ಯಾರಾದರೂ ಬಂದು ಹೇಳುತ್ತಾರೆ, ನನ್ನ ಹೆಸರು ನೋಡಿ ಇನ್ನೂ ಜಾಸ್ತಿ ಹೇಳುತ್ತಾರೆ. ನಾನೂ ಕುಡಿಯುತ್ತಿದ್ದೆ. ಈಗ ಇಲ್ಲ. ಬ್ರುಸೆಲ್ಲಾ ಬಂದವರ ಬಿಟ್ಟು ಬಿಟ್ಟು ಬರುವ ಜ್ವರ, ಕೀಲು ನೋವು ಹತ್ತಿರದಿಂದ ನೋಡಿದ ಮೇಲೆ ಬೇಡ ಅನ್ನಿಸಿದೆ. ಹಾಲನ್ನು 63 ಡಿಗ್ರಿ ಸೆಲ್ಸಿಯಸ್‌ನಲ್ಲಿ 30 ನಿಮಿಷ, ಇಲ್ಲವೇ 72 ಡಿಗ್ರಿಯಲ್ಲಿ 15 ಸೆಕೆಂಡು ಕಾಯಿಸಿದರೆ ಸಾಕು, ರುಚಿ ಹೋಗಲ್ಲ. ಥರ್ಮಾಮೀಟರ್ ಇಲ್ಲದಿದ್ದರೆ ಒಂದು ಕುದಿ ಬರಿಸಿ. ಮೇಕೆ ಈಯುವಾಗ, ಮಾಸು ತೆಗೆಯುವಾಗ ಕೈಗವಸು ಹಾಕಿಕೊಳ್ಳಿ. ಮನೆಯಲ್ಲಿ ಬಸುರಿ ಇದ್ದರೆ ಅವರು ಆ ಕೆಲಸಕ್ಕೆ ಬರಲೇಬಾರದು.

ಎಳೆ ಕೂಸಿಗೆ ತಾಯಿಹಾಲಿನ ಬದಲು ಮೇಕೆ ಹಾಲು ಒಳ್ಳೆಯದು ಅನ್ನೋ ಮಾತೂ ಕೇಳಿರುತ್ತೀರಿ. ಒಂದು ವರ್ಷದೊಳಗಿನ ಮಗುವಿಗೆ ಬೇಡ, ಅದರಲ್ಲಿ ಫೋಲೇಟ್ ಅನ್ನೋ ವಿಟಮಿನ್ ತೀರಾ ಕಡಿಮೆ. ಹಸುವಿನ ಹಾಲಿನ ಲ್ಯಾಕ್ಟೋಸ್ (ಹಾಲಿನಲ್ಲಿರುವ ಸಕ್ಕರೆ) ಅರಗದವರಿಗೂ ಇದು ಮದ್ದಲ್ಲ, ಇದರಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ.

ಒಂಟಿಕೊಂಬು:

ನೊರೆಹಾಲು ಅವರೇ, ಬೆಳಿಗ್ಗೆ ಬೆಳಿಗ್ಗೆ ಅರ್ಧ ಗಂಟೆ ಥರ್ಮಾಮೀಟರ್ ಹಿಡಿದು ನಿಲ್ಲೋಕೆ ಯಾರಿಗೆ ಪುರುಸೊತ್ತಿದೆ. ಕುದಿಸಿದರಾಯಿತು. ಉಳಿದದ್ದಕ್ಕೆ ನನ್ನದೂ ಒಪ್ಪಿಗೆ.

ಎಳೆಬಿಸಿಲು:

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ, ಬೇಜಾರಾಗಬೇಡಿ.

ಆ ಬಿಳಿ ಮೇಕೆ ಹತ್ತಿರ ಮತ್ತೆ ಹೋಗಿದ್ದೆ. ಎರಡು ಹೊತ್ತು ಕರೆದು ತೋರಿಸಿ ಅಂದದ್ದಕ್ಕೆ ಮುಖ ಗಂಟು ಹಾಕಿಕೊಂಡರು, ಆದರೂ ಒಂದು ಹೊತ್ತು ಕರೆದರು. ಕಪ್ಪು ಬಟ್ಟೆ ಹಿಡಿದೆ. ಬಲಗಡೆ ಹಾಲು ಸರಿ ಇತ್ತು. ಎಡಗಡೆ ಎರಡನೇ ಧಾರೆಯಲ್ಲೇ ಅಕ್ಕಿ ನುಚ್ಚಿನಷ್ಟು ಬಿಳಿ ಚೂರು ಬಟ್ಟೆ ಮೇಲೆ ನಿಂತವು. ನಾನು ಏನೂ ಹೇಳಲಿಲ್ಲ, ಅವರೂ ಏನೂ ಹೇಳಲಿಲ್ಲ. ಬಟ್ಟೆ ಮಡಚಿಕೊಂಡು ಬಂದೆ.

ಆಮೇಲೆ ಇನ್ನೊಂದು ಕಡೆ ಸಿಕ್ಕಿತು. ನೋಡೋಕೆ ಏನೂ ಚೆಂದ ಇಲ್ಲ. ಕಂದು ಬಣ್ಣ, ಒಂದು ಕಿವಿ ಹರಿದಿದೆ, ಸೊಂಟದ ಮೂಳೆ ಕಾಣುತ್ತೆ. ಮೂರನೇ ಸೂಲು, ಆರು ಹಲ್ಲು (ನಾನೇ ಬಾಯಿ ಬಿಡಿಸಿ ಎಣಿಸಿದೆ, ಬೆರಳು ಕಚ್ಚಿಸಿಕೊಳ್ಳಲಿಲ್ಲ). ಈದು ನಾಲ್ಕು ತಿಂಗಳು. ಸಂಜೆ ಖಾಲಿ ಮಾಡಿಸಿ ಬೆಳಿಗ್ಗೆ ಕರೆಸಿದಾಗ ಮುಕ್ಕಾಲು ಲೀಟರ್‌ಗಿಂತ ಒಂದು ಹನಿ ಹೆಚ್ಚೇ ಬಂತು. ರಕ್ತ ಪರೀಕ್ಷೆ ಎರಡೂ ಸರಿ ಬಂದವು. ಕಣ್ಣು ನನಗೆ ಗುಲಾಬಿ ಅನ್ನಿಸಿತು, ಡಾಕ್ಟರೂ ಹೌದು ಅಂದರು. ಅದನ್ನೂ ಅದರ ಹೋದ ಸೂಲಿನ ಮಗಳನ್ನೂ ಒಟ್ಟಿಗೇ ತಂದಿದ್ದೇವೆ. ಮಗಳು ಇನ್ನೂ ಪಡ್ಡೆ, ಈದಿಲ್ಲ.

ಬಂದು ನಾಲ್ಕು ದಿನ. ಈಗ ಹೊಸ ಚಿಂತೆ. ಮೊದಲ ದಿನ ಒಂದು ಲೀಟರ್, ನಿನ್ನೆ ಮುಕ್ಕಾಲು, ಇವತ್ತು ಎರಡು ಹೊತ್ತೂ ಸೇರಿ ಅರ್ಧ ಲೀಟರ್ ಸ್ವಲ್ಪ ಮೇಲೆ. ಕರೆಯುವಾಗ ಒದೆಯುತ್ತೆ ಬೇರೆ. ನಾನು ಕರೆಯೋದು ಸರಿ ಇಲ್ಲವಾ, ಅಥವಾ ಮೋಸ ಹೋದೆನಾ? ಮೇವು ತಿನ್ನುತ್ತಿದೆ, ಮೆಲುಕು ಹಾಕುತ್ತಿದೆ, ಹಿಕ್ಕೆ ಗುಂಡಗಿದೆ.

ಸೊಪ್ಪುಸದೆ:

ಜಾಗ ಬದಲಾದರೆ ಹಾಲು ಇಳಿದೇ ಇಳಿಯುತ್ತೆ, ಗಾಬರಿ ಬೇಡ. ಅಲ್ಲಿ ಏನು ತಿನ್ನಿಸುತ್ತಿದ್ದರೋ ಅದನ್ನೇ ಕೇಳಿ ತಂದು ಒಂದು ವಾರ ತಿನ್ನಿಸಿ, ನಿಮ್ಮ ಮೇವು ಸ್ವಲ್ಪ ಸ್ವಲ್ಪ ಸೇರಿಸಿ. ಹಾಲಿಗಂತ ಕಾಳು ಜಾಸ್ತಿ ಮಾಡೋಕೆ ಹೋಗಬೇಡಿ. ಮಗಳು ಕದ್ದು ಕುಡಿಯುತ್ತಿದ್ದಾಳಾ ಅಂತಲೂ ಒಮ್ಮೆ ಕಣ್ಣಿಡಿ, ಪಡ್ಡೆಯಾದರೂ ಕೆಲವು ಬಿಡಲ್ಲ.

ಕೊಟ್ಟಿಗೆಯವಳು:

ಹರಿದ ಕಿವಿಯವಳನ್ನು ತಂದದ್ದು ಕೇಳಿ ಖುಷಿಯಾಯಿತು. ಹೊತ್ತು ತಪ್ಪಿಸಬೇಡಿ, ಒಬ್ಬರೇ ಕರೆಯಿರಿ, ಅದೇ ಬಟ್ಟೆ ಹಾಕಿಕೊಂಡು ಹೋಗಿ. ಅಲ್ಲಿ ಯಾವ ಪಕ್ಕದಲ್ಲಿ ಕೂತು ಕರೆಯುತ್ತಿದ್ದರು ಅಂತ ನೆನಪಿದೆಯಾ? ಅದೇ ಪಕ್ಕದಲ್ಲಿ ಕೂತುಕೊಳ್ಳಿ, ಅರ್ಧ ಒದೆತ ಅದಕ್ಕೇ ಇರುತ್ತೆ. ಉಗುರು ಕತ್ತರಿಸಿಕೊಳ್ಳಿ. ಎಷ್ಟೇ ಒದ್ದರೂ ಅರ್ಧಕ್ಕೆ ಬಿಟ್ಟು ಏಳಬೇಡಿ, ಕೆಚ್ಚಲಲ್ಲಿ ಉಳಿದ ಹಾಲು ನಾಳೆಯ ಹಾಲನ್ನು ಕಡಿಮೆ ಮಾಡುತ್ತೆ.

ಇವತ್ತು ಸಂಜೆ ಕರೆದ ಮೇಲೆ ಎರಡು ಕಡೆಯೂ ಅಂಗೈ ಇಟ್ಟು ನೋಡಿ. ಒಂದು ಕಡೆ ಬಿಸಿ ಅಥವಾ ಗಟ್ಟಿ ಇದ್ದರೆ ಬೆಳಿಗ್ಗೆವರೆಗೆ ಕಾಯದೆ ಡಾಕ್ಟರಿಗೆ ಫೋನ್ ಮಾಡಿ.

ಎಳೆಬಿಸಿಲು:

ನೋಡಿದೆ ಅಕ್ಕಾ. ಎರಡೂ ಮೆತ್ತಗೆ, ಎರಡೂ ಒಂದೇ ಬಿಸಿ. ಬಲಗಡೆ ಕೂತು ಕರೆಯುತ್ತಿದ್ದರು ಅಂತ ಈಗ ನೆನಪಾಯಿತು, ನಾನು ನಾಲ್ಕು ದಿನದಿಂದ ಎಡಗಡೆ ಕೂತಿದ್ದೆ. ಇವತ್ತು ಸಂಜೆ ಪಕ್ಕ ಬದಲಾಯಿಸಿದೆ. ಒಂದೇ ಸಲ ಒದ್ದಳು, ಅದೂ ಪಾತ್ರೆಗೆ ತಾಗಲಿಲ್ಲ.